ತೊಂಬತ್ತು ಅಡಿ

ಆ ಪೆಟ್ಟಿಗೆಯನ್ನು ತಂದುಕೊಟ್ಟವಳು ನಾನೇ.
ಕನೋರಾದ ಅಂಚೆಕಚೇರಿಯಿಂದ ಉತ್ತರಕ್ಕೆ ಹತ್ತೊಂಬತ್ತು ಮೈಲಿ,
ಜಲ್ಲಿ ರಸ್ತೆ, ಎರಡೂ ಕಡೆ ಕನೋಲಾ ಹಳದಿ,
ಕಣ್ಣಿಗೆ ಸಾಕಪ್ಪಾ ಸಾಕು ಎನಿಸುವಷ್ಟು.
ಪೆಟ್ಟಿಗೆಯ ಮೇಲೆ ನಗುವ ನಾಯಿಯ ಚಿತ್ರ,
ಕೊರಳಲ್ಲಿ ಬೆಂಕಿಪೊಟ್ಟಣದಷ್ಟು ಕಪ್ಪು ತಾಯಿತ.
ಒರೆಸ್ಟ್ ರುಜು ಹಾಕಿದ. ಮಳೆಯ ಮಾತಾಡಿದ.
ಇಬ್ಬರೂ ಬುರ್ಕೋನ ಹೆಸರೆತ್ತಲಿಲ್ಲ.

ಏಳು ವರ್ಷ ನನ್ನ ಕಾರಿನ ಬೆನ್ನಟ್ಟಿದವನು ಬುರ್ಕೋ.
ಅಂಚೆಡಬ್ಬಿಗೆ ಕೈ ಎಟುಕಲೆಂದು ಎಡದ ಸೀಟು ಬಿಟ್ಟು
ಬಲಗಡೆ ಕೂತು ಕಾರು ಓಡಿಸುವವಳು ನಾನು;
ಕಿಟಕಿಯ ಪಕ್ಕದಲ್ಲೇ ಅವನ ನಾಲಗೆ, ಅವನ ಏದುಸಿರು.
ಮೂರನೇ ಟೆಲಿಫೋನ್ ಕಂಬದ ತನಕ ಬಂದು
ನನ್ನನ್ನು ಊರಾಚೆ ಅಟ್ಟಿದವನ ಗತ್ತಿನಲ್ಲಿ ಹಿಂದಿರುಗುತ್ತಿದ್ದ.
ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ.
ಅದನ್ನು ಯಾರಿಗೂ ಹೇಳಿಲ್ಲ.
ಹೋದ ಸೆಪ್ಟೆಂಬರಿನ ಒಂದು ಮಂಗಳವಾರ ನನ್ನ ಧೂಳಿನ ಹಿಂದೆ
ಗೋಧಿ ತುಂಬಿದ ಲಾರಿ ಬರುತ್ತಿತ್ತು.
ಲಾರಿಯವನಿಗೆ ಕಂಡದ್ದು ಧೂಳು.
ಬುರ್ಕೋಗೆ ಕಂಡದ್ದು ನಾನು.

ಹೊಸ ಮರಿಯ ಹೆಸರು ಟಿಲ್ಲಿ.
ಹುಲ್ಲಿನಲ್ಲಿ ಬಿಳಿ ಬಾವುಟಗಳು ಎದ್ದವು,
ಗೇಣುದ್ದದವು, ಮನೆಯ ಸುತ್ತ,
ಯಾವುದೋ ಪುಟ್ಟ ಸೈನ್ಯ ಶರಣಾದ ಹಾಗೆ.
ತಂತಿಯಿಲ್ಲ, ಗೂಟವಿಲ್ಲ.
ಬಟ್ಟೆ ಒಗೆಯುವ ಕೋಣೆಯ ಶೆಲ್ಫಿನಲ್ಲಿ ಒಂದು ಯಂತ್ರ
ಹಗಲೂ ರಾತ್ರಿ ಏನನ್ನೋ ಹೇಳುತ್ತಲೇ ಇರುತ್ತದಂತೆ,
ತೊಂಬತ್ತು ಅಡಿಯವರೆಗೆ.
ಆ ಮಾತು ಕೇಳಿಸುವಷ್ಟು ದೂರ ಮನೆ.
ಕೇಳಿಸದ ಕಡೆಗೆ ಹೋದರೆ ಕೊರಳಪಟ್ಟಿ
ಮೊದಲು ಬೀಪ್ ಎನ್ನುತ್ತದೆ, ಆಮೇಲೆ ಚುರುಕ್.

"ಬೀಪ್ ನನ್ನ ಕಿವಿಗೆ ಬೀಳಲ್ಲ ಲೋರ್ನಾ,
ಚುರುಕ್ ಮಾತ್ರ ಗೊತ್ತಾಯ್ತು," ಅಂದ.
ತನ್ನ ಮಣಿಕಟ್ಟಿಗೆ ಕಟ್ಟಿಕೊಂಡು ಗೆರೆ ದಾಟಿದ್ದನಂತೆ,
ಒಂದರಿಂದ ಐದರವರೆಗೆ, ಪ್ರತಿ ನಂಬರಿಗೂ ಒಂದೊಂದು ಸಲ.
"ಇರುವೆ ಕಚ್ಚಿದ ಹಾಗೆ, ಅಷ್ಟೇ."
ಆದರೆ ಟಿಲ್ಲಿಯ ಪಟ್ಟಿಯನ್ನು ಎರಡರಲ್ಲೇ ನಿಲ್ಲಿಸಿದ್ದ.
ಐದರ ಇರುವೆ ಯಾವ ಜಾತಿಯದೋ, ನಾನು ಕೇಳಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ, ಗೊಬ್ಬರದ ಬಿಲ್ಲಿನ ಹಿಂಬದಿಯಲ್ಲಿ
ಪೆನ್ಸಿಲಿನ ನಕಾಶೆ ತೋರಿಸಿದ.
ವೃತ್ತ ವೃತ್ತವಾಗಿರಲಿಲ್ಲ.
ತಗಡಿನ ಕಣಜ ಇದ್ದ ಕಡೆ ಒಳಕ್ಕೆ ನೆಗ್ಗಿತ್ತು,
ಫ್ರಿಜ್ಜಿನ ದಿಕ್ಕಿಗೆ ಇನ್ನೊಂದು ನೆಗ್ಗು,
ಕೈಜಾರಿ ಬಿದ್ದ ತಪ್ಪಲೆಯ ಬಾಯಿಯಂತೆ.
"ಕಬ್ಬಿಣ ಅಡ್ಡ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತೆ."
ಕಾಗದದ ಅಂಚಿನಲ್ಲಿ ರಸ್ತೆ. ಅಂಚೆಡಬ್ಬಿಗೊಂದು ಚೌಕ.
ಚೌಕದ ಪಕ್ಕ ಒಂದು ಸಣ್ಣ ಕಾರು, ಅದನ್ನೂ ಬರೆದಿದ್ದ.
ಅದರ ಮೇಲೆ ಬೆರಳಿಟ್ಟ, ತೆಗೆದ.
"ಚಹಾ ಮಾಡಲಾ?" ಅಂದ.

ಮೂರು ವಾರದ ಮೇಲೆ ಬಾವುಟಗಳನ್ನು ಒಂದು ಬಿಟ್ಟು ಒಂದು ಕಿತ್ತ,
ಆಮೇಲೆ ಎಲ್ಲವನ್ನೂ.
ಈಗ ಗೆರೆ ಟಿಲ್ಲಿಯ ತಲೆಯೊಳಗಿದೆ.
ಕಾರಿನ ಸದ್ದಿಗೆ ಹಾರಿ ಬರುತ್ತಾಳೆ, ಮೈಯೆಲ್ಲ ಓಟವಾಗಿ,
ಬಂದವಳು, ಹಿಂದಿನಿಂದ ಯಾರೋ ಕರೆದ ಹಾಗೆ, ನಿಲ್ಲುತ್ತಾಳೆ.
ಬಾಲ ಮಾತ್ರ ಇನ್ನೂ ಓಡುತ್ತಿರುತ್ತದೆ.
ಹಿಮ ಬಿದ್ದ ಮೇಲೆ ನನಗೂ ಕಂಡಿತು:
ಅವಳ ಹೆಜ್ಜೆಗಳು ಕಿಕ್ಕಿರಿದು ನಿಂತ ಒಂದು ದಂಡೆ,
ಅಲ್ಲಿಂದಾಚೆ ಯಾರೂ ಮುಟ್ಟದ ಬಿಳುಪು.
ಕಣಜದ ಹತ್ತಿರದ ನೆಗ್ಗು ಕೂಡ, ಪೆನ್ಸಿಲಿನಲ್ಲಿದ್ದಂತೆಯೇ.

ಡಬ್ಬಿಗೆ ಹಾಕಿ ಹೋದರೆ ಸಾಕು, ಸಂಬಳ ಅಷ್ಟಕ್ಕೇ.
ಆದರೂ ಇಳಿಯುತ್ತೇನೆ. ಬೀಜದ ಕ್ಯಾಟಲಾಗು, ಕರೆಂಟಿನ ಬಿಲ್ಲು,
ಏನೂ ಇಲ್ಲದ ದಿನ ಬರಿಗೈ.
ಮುಟ್ಟದ ಹಿಮ ತುಳಿದು ಅವಳ ಕಡೆಗೆ ದಾಟುತ್ತೇನೆ.
ನನಗೇನೂ ಆಗುವುದಿಲ್ಲ, ಗೊತ್ತು;
ಪ್ರತಿ ಸಲ ಆ ಜಾಗದಲ್ಲಿ ಕಾಲು ಕೊಂಚ ತಡೆಯುತ್ತದೆ.

ಹೊರಟ ಮೇಲೆ ಕನ್ನಡಿಯಲ್ಲಿ ರಸ್ತೆ,
ಧೂಳಿಲ್ಲದ ಬಿಳಿ ರಸ್ತೆ. ಅದರಲ್ಲಿ ಯಾರೂ ಇಲ್ಲ.
ಇದೇ ಬೇಕಿತ್ತು, ಅವನಿಗೂ ನನಗೂ.
ಆದರೂ ಮೂರನೇ ಕಂಬ ದಾಟುವ ತನಕ
ಪೆಡಲಿನ ಮೇಲೆ ಕಾಲು ಒತ್ತುವುದಿಲ್ಲ.